ಹನ್ನೊಂದನೇ ಮಹಡಿಯ ಒಗ್ಗರಣೆ

ಎಲ್ಲದಕ್ಕೂ ಕಾರಣ ಒಂದು ಹಳದಿ ಚೀಟಿ. ಕಟ್ಟಡದ ಕೆಳಗಿನ ಸೂಚನಾ ಫಲಕದ ಮೇಲೆ ಯಾರೋ ದಪ್ಪ ಮಸಿಯಲ್ಲಿ ಕೈಯಾರೆ ಬರೆದು ಅಂಟಿಸಿದ್ದರು. ಅದರ ಮುಂದೆ ನಾಲ್ಕು ಜನ ಗುಂಪುಗೂಡಿ, ಮೂಗು ಸಿಂಡರಿಸಿಕೊಂಡು ಗುಸುಗುಸು ಮಾತಾಡುತ್ತಿದ್ದರು. ಆಫೀಸಿಗೆ ಹೊರಟಿದ್ದ ಅಳಿಯ ಹತ್ತಿರ ಬಂದದ್ದೇ ತಡ, ಕಲ್ಲು ಬಿದ್ದ ಕಾಗೆ ಗುಂಪಿನಂತೆ ಚದುರಿಹೋದರು.

ಅಳಿಯ ಎನ್ನುವುದು ಅವನ ಹೆಸರಲ್ಲ. ಮೂರು ತಿಂಗಳ ಹಿಂದಿನವರೆಗೂ ಅವನು ಪರದೇಶದ ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವವನು, ದೊಡ್ಡಾಸ್ಪತ್ರೆಯ ನರ್ಸಮ್ಮನ ಗಂಡ, ಎಂಟು ತಿಂಗಳ ಕೂಸಿನ ಅಪ್ಪ, ಹೀಗೆ ಏನೇನೋ ಆಗಿದ್ದ. ಕೂಸನ್ನು ನೋಡಿಕೊಳ್ಳಲು ಊರಿನಿಂದ ಅತ್ತೆ ಬಂದಿಳಿದ ಮೇಲೆ ಬರೀ ಅಳಿಯನಾದ. "ಅಳಿಯಂದಿರೇ, ಕಾಫಿ!" "ಅಳಿಯಂದಿರೇ, ಟವೆಲ್ಲು!" ಎಂಬ ಕೂಗು ಪಕ್ಕದ ಮನೆಯವರಿಗೂ ಬಾಯಿಪಾಠವಾಗಿ, ಅವರೂ ಅದೇ ಅವನ ಹೆಸರೆಂದು ತಿಳಿದಿದ್ದರು.

ಚೀಟಿ ಆ ದೇಶದ ಭಾಷೆಯಲ್ಲಿತ್ತು. ಅಳಿಯನೇನು ಅಕ್ಷರ ಬಾರದವನಲ್ಲ. ಆರು ತಿಂಗಳು ಸಂಜೆಯ ತರಗತಿಗೆ ಹೋಗಿ ಮೂರನೇ ಹಂತ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವನು. ಆದರೆ ಅಲ್ಲಿ ಕಲಿಸಿದ್ದು ಅಚ್ಚಿನ ಅಕ್ಷರ. ಇಲ್ಲಿದ್ದದ್ದು ಮಸಿಯಲ್ಲಿ ಬಿದ್ದ ಜಿರಳೆ ಓಡಾಡಿದಂಥ ಬರಹ. ಕಷ್ಟಪಟ್ಟು ಐದು ತುಣುಕು ಹೆಕ್ಕಿದ. ಹನ್ನೊಂದನೇ ಮಹಡಿ. ಪ್ರತಿದಿನ ಬೆಳಿಗ್ಗೆ. ವಾಸನೆ. ಕ್ಷಮೆ. ಮನೆ ಖಾಲಿ.

ಅಳಿಯನ ಮನೆ ಇದ್ದದ್ದು ಹನ್ನೊಂದನೇ ಮಹಡಿಯಲ್ಲೇ. ಪ್ರತಿದಿನ ಬೆಳಿಗ್ಗೆ ಐದಕ್ಕೆ ಅತ್ತೆ ಎದ್ದು ಸಾರಿಗೆ ಒಗ್ಗರಣೆ ಹಾಕುತ್ತಾರೆ. ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದರೆ ಮಲಗಿದ್ದ ಅಳಿಯ ಸೀನುತ್ತಲೇ ಏಳುತ್ತಾನೆ. ಮನೆಯ ಕರಾರು ಇದೇ ವಾರ ಮುಗಿಯುತ್ತಿದೆ, ಮುಂದುವರಿಸಲು ಕಟ್ಟಡದ ಸಂಘದ ಕಾರ್ಯದರ್ಶಿಯ ಸಹಿ ಬೇಕು. ಇಂಥ ಹೊತ್ತಲ್ಲೇ ಇದು!

ಅನುಮಾನ ಪರಿಹಾರಕ್ಕೆಂದು ಚೀಟಿಯ ಫೋಟೊ ತೆಗೆದು ಫೋನಿನ ಅನುವಾದಕನಿಗೆ ತೋರಿಸಿದ. ಅದು ಒಂದು ನಿಮಿಷ ಗಿರಗಿರನೆ ತಿರುಗಿ, 'ಹನ್ನೊಂದು ಮೂಗುಗಳು ಬೆಳಿಗ್ಗೆ ಅಳುತ್ತವೆ' ಎಂದಿತು. ಅಳಿಯನಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿದ್ದ ಹೆಂಡತಿಗೆ ಕರೆ ಮಾಡಿದರೆ ಫೋನು ಬಂದ್. ಆಫೀಸಿನಲ್ಲಿ ನಕ್ಷೆಯೊಂದರ ಅಡುಗೆಮನೆಗೆ ಕಿಟಕಿ ಬರೆಯುವುದನ್ನೇ ಮರೆತು ಕೂತಿದ್ದವನನ್ನು ನೋಡಿ ಪಕ್ಕದ ಮೇಜಿನ 'ಹನ್ನೆರಡು ವರ್ಷ' ಹತ್ತಿರ ಬಂದರು. ಮಾತೆತ್ತಿದರೆ "ನಾನು ಈ ದೇಶಕ್ಕೆ ಬಂದು ಹನ್ನೆರಡು ವರ್ಷ ಆಯ್ತು ಕಣ್ರೀ" ಎನ್ನುವ ಅವರಿಗೆ ನಮ್ಮ ಕಡೆಯವರೆಲ್ಲ ಇಟ್ಟ ಹೆಸರು ಅದು.

"ಸರ್, ಸ್ವಲ್ಪ ಇದನ್ನ ಓದಿ ಹೇಳ್ತೀರಾ?" ಅಳಿಯ ಫೋನು ಮುಂದೆ ಹಿಡಿದ.

"ಓದೋದು ಬರೆಯೋದೆಲ್ಲ ನಂಗೆ ಬರಲ್ಲ. ಅಕ್ಷರ ಓದಿ ಏನಾಗ್ಬೇಕು? ಜನರನ್ನ ಓದ್ಬೇಕು ಕಣ್ರೀ, ಜನರನ್ನ! ಏನು ವಿಷಯ ಹೇಳಿ."

ಅಳಿಯ ಹೇಳಿದ. ಅವರು ಕುರ್ಚಿ ಎಳೆದು ಕೂತರು.

"ಇಷ್ಟೇನಾ? ಇಲ್ಲಿಯವರು ದೂರು ಕೊಡೋಕೆ ಮುಂಚೆ ನಾವೇ ಹೋಗಿ ತಪ್ಪಾಯ್ತು ಅಂದ್ಬಿಟ್ರೆ ಕರಗಿ ನೀರಾಗ್ತಾರೆ. ಮನೆಮನೆಗೂ ಹೋಗಿ. ತಲೆ ತಗ್ಗಿಸಿ. ಕೈಯಲ್ಲಿ ಏನಾದ್ರೂ ಸಿಹಿ ಇರ್ಲಿ. ಮುಖ್ಯವಾಗಿ ನಿಮ್ಮತ್ತೇನ ಕರ್ಕೊಂಡ್ಹೋಗಿ. ವಯಸ್ಸಾದವರ ಮುಖ ನೋಡಿ ಯಾರೂ ಬೈಯಲ್ಲ."

"ಒಗ್ಗರಣೆಗೆ ಅವರ ಭಾಷೇಲಿ ಏನಂತಾರೆ ಸರ್?"

ಹನ್ನೆರಡು ವರ್ಷ ಚಾವಣಿ ನೋಡಿದರು. "ಒಗ್ಗರಣೆ ಅನ್ನೋದೇ ಇಲ್ಲದ ಜನಕ್ಕೆ ಆ ಪದ ಎಲ್ಲಿಂದ ಬರ್ಬೇಕು? 'ಅದು' ಅನ್ನಿ, ಸಾಕು. ಅರ್ಥ ಆಗುತ್ತೆ."

ಅಳಿಯ ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದ.

ಅತ್ತೆ ಸಂಗತಿ ಕೇಳಿ ಮೊದಲು ಉರಿದುಬಿದ್ದರು. "ನಲವತ್ತು ವರ್ಷದಿಂದ ಹಾಕ್ತಾ ಇದ್ದೀನಿ. ನಮ್ಮೂರಲ್ಲಿ ನನ್ನ ಒಗ್ಗರಣೆ ಘಮಕ್ಕೆ ಬೀದೀಲಿ ಹೋಗೋರು ನಿಂತು ಹೋಗ್ತಿದ್ರು. ಇಲ್ಲಿಯವರ ಮೂಗಿಗೇನಾಗಿದೆ ದೊಡ್ಡರೋಗ?" ಆಮೇಲೆ ಅಳಿಯನ ಬಾಡಿದ ಮುಖ ನೋಡಿ, "ಆಯ್ತು, ನಿಮ್ಮ ಮರ್ಯಾದೆ ಪ್ರಶ್ನೆ. ಬರ್ತೀನಿ ನಡೀರಿ" ಎಂದು ಡಬ್ಬಿಯಲ್ಲಿದ್ದ ಎಳ್ಳುಂಡೆಯನ್ನು ಪೊಟ್ಟಣ ಕಟ್ಟಿದರು. ಕೂಸನ್ನು ಸೊಂಟಕ್ಕೇರಿಸಿ, ಹೊಸ ಸೀರೆ ಸೆರಗು ಹೊದ್ದು ಸಿದ್ಧರಾದರು.

ಮೊದಲ ಮನೆ ಪಕ್ಕದ ನಿವೃತ್ತ ಮೇಷ್ಟ್ರದು. ಅಳಿಯ ನಡುಬಗ್ಗಿಸಿ, ಮೂರನೇ ಹಂತದ ಭಾಷೆಯಲ್ಲಿ ಒಪ್ಪಿಸಿದ:

"ವಾಸನೆಗಾಗಿ ಕ್ಷಮೆ ಕೇಳಲು ಬಂದಿದ್ದೇನೆ. ಅದು ನಮ್ಮ ಮನೆಯವರ ಕೆಲಸ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀವಾ? ನೀವೇನಾ ಮಾಡ್ತಿದ್ದದ್ದು?"

"ನಾನಲ್ಲ. ಈ ಹಿರಿಯರು. ಪ್ರತಿದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಅದನ್ನು ಮಾಡುತ್ತಾರೆ."

ಅತ್ತೆ ತಮ್ಮ ವಿಷಯವೇ ಎಂದು ತಿಳಿದು ನಗುನಗುತ್ತಾ ಕೈಮುಗಿದರು.

"ಯಾಕೆ ಹೀಗೆ?" ಮೇಷ್ಟ್ರ ದನಿ ಇಳಿದಿತ್ತು.

"ನಮ್ಮ ಊರಿನಲ್ಲಿ ಎಲ್ಲರೂ ಮಾಡುತ್ತಾರೆ. ಮಾಡದಿದ್ದರೆ ಇವರಿಗೆ ಸಮಾಧಾನವಿಲ್ಲ."

"ಮನೇಲಿರೋ ನಿಮಗೆ ಏನೂ ಅನ್ಸಲ್ವಾ?"

"ಮೊದಲು ಕಣ್ಣಿನಲ್ಲಿ ನೀರು ಬರುತ್ತಿತ್ತು. ಈಗ ಸಂತೋಷವಾಗುತ್ತದೆ. ರಜೆಯ ದಿನ ನಾನೂ ಮಾಡುತ್ತೇನೆ."

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಅಳಿಯ ಉಂಡೆಯ ಪೊಟ್ಟಣ ಚಾಚಿ, "ಇದನ್ನೂ ಇವರೇ ಕೈಯಾರೆ ಮಾಡಿದ್ದು" ಎಂದ. ಮೇಷ್ಟ್ರು ಅದನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಾಗಿಲು ಹಾಕಿಕೊಂಡರು. ಬೈಯಲಿಲ್ಲ! ಹನ್ನೆರಡು ವರ್ಷದ ಮಾತು ಸುಳ್ಳಲ್ಲ ಎಂದು ಅಳಿಯನಿಗೆ ಹುರುಪೇರಿತು.

ಹನ್ನೊಂದನೇ ಮಹಡಿ ಮುಗಿಸಿ ಹತ್ತಕ್ಕಿಳಿದರು. ಅಲ್ಲಿ ಸಂಗೀತ ಕಲಿಸುವ ಟೀಚರಮ್ಮ ಸ್ವಲ್ಪ ಗಟ್ಟಿಗಿತ್ತಿ.

"ಆಯ್ತು, ಮಾಡ್ಲೇಬೇಕು ಅಂದ್ರೆ ಬಾಗಿಲು ಹಾಕ್ಕೊಂಡು ಒಳಗೇ ಮಾಡ್ಬಾರ್ದಾ?"

"ಬಾಗಿಲು ಮುಚ್ಚಿಯೇ ಮಾಡುತ್ತಾರೆ, ತಾಯಿ. ಆದರೂ ಸಂದಿಯಿಂದ ಹೊರಗೆ ಹರಿದು ಬರುತ್ತದೆ."

ಟೀಚರಮ್ಮ ಕಣ್ಣರಳಿಸಿ ಅತ್ತೆಯನ್ನೇ ನೋಡಿದಳು. ಅತ್ತೆಗೆ ಅಳಿಯನ ತೊದಲು ಸಾಕಾಗಿತ್ತು.

"ಏನಂತೆ ಇವಳಿಗೆ? ನೀವು ಸುಮ್ನಿರಿ, ನಾನೇ ಹೇಳ್ತೀನಿ" ಎಂದು ಕೂಸನ್ನು ಅಳಿಯನ ಕೈಗೆ ಕೊಟ್ಟರು. ಊರಿನಲ್ಲಿ ಅವರದು ನೆಲದ ಮೇಲಿನ ಒಲೆ. ಸೀರೆ ಎತ್ತಿ ಕಟ್ಟಿ, ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಸೌಟು ಬಗ್ಗಿಸಿದವರ ಹಾಗೆ ಕೈ ಇಳಿಸಿ, "ಚುಂಯ್‌ಯ್‌ಯ್!" ಎಂದರು. ಆಮೇಲೆ ಮೂಗಿನ ತುಂಬ ಗಾಳಿ ಎಳೆದುಕೊಂಡು, "ಆಹಾ!" ಎಂದು ತಲೆದೂಗಿ ಎದ್ದು ನಿಂತರು.

ಕ್ಷಣದಲ್ಲಿ ಟೀಚರಮ್ಮನ ಸಿಟ್ಟೆಲ್ಲ ಇಳಿದುಹೋಗಿ ಕಣ್ಣು ತೇವವಾಯಿತು. ಅತ್ತೆಯ ಕೈ ಹಿಡಿಯಹೋಗಿ, ಯಾಕೋ ಹಿಡಿಯದೆ, ಭುಜ ಸವರಿದಳು.

"ನಮ್ಮಜ್ಜೀಗೂ ಕಡೇ ದಿನಗಳಲ್ಲಿ ಹೀಗೇ ಆಗಿತ್ತು. ಪಾಪ, ಅವರ ಕೈಲಿಲ್ಲ ಅದು. ನಾನು ಎಲ್ಲರಿಗೂ ತಿಳಿಸಿ ಹೇಳ್ತೀನಿ, ನೀವು ಹೆದ್ರಬೇಡಿ."

"ಅವಳ ಅಜ್ಜೀಗೂ ಒಗ್ಗರಣೆ ಅಂದ್ರೆ ಪ್ರಾಣವಂತೆ" ಎಂದು ಅಳಿಯ ಅತ್ತೆಗೆ ಅನುವಾದ ಮಾಡಿದ.

"ನೋಡಿದ್ರಾ! ಮನಸ್ಸಿದ್ರೆ ಭಾಷೆ ಯಾಕೆ ಬೇಕು?" ಅತ್ತೆ ಬೀಗಿದರು. ಅಲ್ಲಿಂದ ಮುಂದೆ ಅಳಿಯ ಬಾಯಿ ತೆರೆಯುವ ಮೊದಲೇ ಅತ್ತೆ ಕೂತು ತೋರಿಸತೊಡಗಿದರು. ಹತ್ತನೇ ಮಹಡಿಯ ನಾಲ್ಕೂ ಮನೆಯ ಮುಂದೆ 'ಚುಂಯ್' ಆಯಿತು. ಒಂದು ಮನೆಯವರಂತೂ ಒಳಗೋಡಿ ಹಳೆಯ ಪತ್ರಿಕೆ ತಂದು ನೆಲಕ್ಕೆ ಹಾಸಿದರು. ಕೂರಲು ಮರ್ಯಾದೆಗೆ ಹಾಸಿದರೆಂದು ಅತ್ತೆಗೆ ಇನ್ನಷ್ಟು ಖುಷಿ.

ಒಂಬತ್ತನೇ ಮಹಡಿಯಲ್ಲಿ ಸಂಘದ ಕಾರ್ಯದರ್ಶಿ. ಚಿನ್ನದ ಕಟ್ಟಿನ ಕನ್ನಡಕದ, ಇಸ್ತ್ರಿ ಮಾಡಿದಂಥ ಮುಖದ ಹೆಂಗಸು. ಕಟ್ಟಡದ ನಲವತ್ತೆರಡು ನಿಯಮಗಳನ್ನು ಬರೆದದ್ದು ಆಕೆಯೇ. ಬಾಗಿಲನ್ನು ಗೇಣು ತೆರೆದು ಇಣುಕಿದಳು.

"ಬೆಳಗಿನ ವಾಸನೆಯ ವಿಷಯ ಮಾತನಾಡಲು ಬಂದಿದ್ದೇನೆ."

ಆಕೆಯ ಮುಖ ಸುಣ್ಣವಾಯಿತು. "ಯಾ... ಯಾವ ವಾಸನೆ? ನಂಗೇನೂ ಗೊತ್ತಿಲ್ಲ."

"ಅದನ್ನು ಮಾಡುವವರು ನಾವು. ನಮ್ಮ ಅತ್ತೆ."

ಮುಖಕ್ಕೆ ಮತ್ತೆ ರಕ್ತ ಬಂತು. "ನೀವಾ? ನಿಜವಾಗ್ಲೂ ನೀವೇನಾ?"

"ನಮ್ಮಾಣೆಗೂ ನಾವೇ."

"ಬರೆದು ಕೊಡ್ತೀರಾ?"

ಅಳಿಯ ಹೊಸ್ತಿಲ ಮೇಲೇ ಕೂತು, ಅಚ್ಚಿನಂಥ ಅಕ್ಷರದಲ್ಲಿ, ಬೆಳಗಿನ ವಾಸನೆಗೆ ತಮ್ಮ ಮನೆಯೇ ಕಾರಣವೆಂದು ಬರೆದು ಸಹಿ ಹಾಕಿದ. ಕಾರ್ಯದರ್ಶಿ ಅದನ್ನು ಮಡಚಿ ಕಿಸೆಗಿಟ್ಟು, ಆ ಕಟ್ಟಡದಲ್ಲಿ ಯಾರೂ ಕಾಣದಂಥ ನಗು ನಕ್ಕಳು. "ಕರಾರಿನ ಚಿಂತೆ ಬಿಡಿ. ಸಂಜೆ ಬನ್ನಿ, ಸಹಿ ಹಾಕ್ತೀನಿ."

ಅಳಿಯ ಗಾಳಿಯಲ್ಲಿ ತೇಲುತ್ತಾ ಮನೆಗೆ ಬಂದ.

ಸಂಜೆ ಐದರ ಹೊತ್ತಿಗೆ ಬಾಗಿಲ ಮುಂದೆ ಉಡುಗೊರೆಗಳು ಬಂದು ಬಿದ್ದವು. ಮೆತ್ತಗಿನ, ದೊಡ್ಡ ದೊಡ್ಡ ಪ್ಲಾಸ್ಟಿಕ್ ಕಟ್ಟುಗಳು, ಒಟ್ಟು ಏಳು. ಯಾರೂ ಗಂಟೆ ಬಾರಿಸಲಿಲ್ಲ, ಇಟ್ಟು ಸದ್ದಿಲ್ಲದೆ ಹೋಗಿದ್ದರು.

"ಉಂಡೆ ಕೊಟ್ಟಿದ್ದಕ್ಕೆ ದಿಂಬು ಕೊಟ್ಟಿದಾರೆ! ಎಂಥ ಜನ!" ಎಂದು ಅತ್ತೆ ಒಂದನ್ನು ಬೆನ್ನಿಗೆ ಕೊಟ್ಟು ಒರಗಿದರು.

ಆಗ ಹೆಂಡತಿ ಕೆಲಸ ಮುಗಿಸಿ ಬಂದಳು. ಕಟ್ಟುಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು? ನಮ್ಮ ಮುದುಕರ ವಾರ್ಡಲ್ಲಿ ಇರೋ ಸಾಮಾನು ನಮ್ಮನೇಲಿ ಯಾಕಿದೆ? ಇದು ದೊಡ್ಡವರ ಡೈಪರ್ ಅಲ್ವಾ?"

ಅಳಿಯ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿ, ಫೋನಿನ ಫೋಟೊ ತೋರಿಸಿದ. ಹಗಲೆಲ್ಲ ರೋಗಿಗಳ ಚೀಟಿ ಓದುವ ಅವಳಿಗೆ ಕೈಬರಹ ನೀರು ಕುಡಿದಷ್ಟು ಸಲೀಸು. ನಿಧಾನವಾಗಿ ಓದಿದಳು:

"ಒಂದರಿಂದ ಹನ್ನೊಂದನೇ ಮಹಡಿಯ ತನಕದ ಎಲ್ಲ ನಿವಾಸಿಗಳಿಗೆ. ಹಿಂದಿನ ಲಿಫ್ಟಿನಲ್ಲಿ ಪ್ರತಿದಿನ ಬೆಳಿಗ್ಗೆ ಯಾರೋ ಒಂದಕ್ಕೆ ಮಾಡುತ್ತಿದ್ದಾರೆ. ವಾಸನೆ ತಡೆಯಲಾಗುತ್ತಿಲ್ಲ. ಮಾಡಿದವರು ಬಂದು ಕ್ಷಮೆ ಕೇಳದಿದ್ದರೆ, ಹುಡುಕಿ ಮನೆ ಖಾಲಿ ಮಾಡಿಸುತ್ತೇವೆ."

ಬೆನ್ನಿಗೆ ಕಟ್ಟು ಕೊಟ್ಟು ಕೂತಿದ್ದ ಅತ್ತೆ, "ಏನಂತೆ?" ಎಂದರು.

"ನಿಮ್ಮ ಕೈರುಚಿ ಚೆನ್ನಾಗಿದೆಯಂತೆ" ಎಂದವನೇ ಅಳಿಯ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಮುಂದಿನ ಲಿಫ್ಟು ತಡವಾಯಿತೆಂದು ಹಿಂದಿನದಕ್ಕೇ ನುಗ್ಗಿದ. ಒಂಬತ್ತರಲ್ಲಿ ಬಾಗಿಲು ತೆರೆದರೆ ಎದುರಿಗೇ ಕಾರ್ಯದರ್ಶಿ, ಕೈಯಲ್ಲಿ ತರಕಾರಿ ಚೀಲ. ಅಳಿಯನನ್ನು ಕಂಡು ಬೆಚ್ಚಿದಳು, ಆದರೆ ಅಷ್ಟರಲ್ಲಿ ಆಕೆ ಒಳಗೆ ಕಾಲಿಟ್ಟಾಗಿತ್ತು. ಬಾಗಿಲು ಮುಚ್ಚಿತು.

"ಅಮ್ಮ, ದೊಡ್ಡ ತಪ್ಪಾಗಿದೆ. ನಾನು ಹೇಳಿದ್ದು ಅಡುಗೆಯ..."

ಚೀಲ ಅಲುಗಾಡಿತು. ಸೊಪ್ಪಿನ ಕಂತೆಯ ನಡುವಿನಿಂದ ಒಂದು ಬಿಳಿ ತಲೆ, ಎರಡು ಕಪ್ಪು ಕಣ್ಣು ಹೊರಬಂದವು. ಬೆಕ್ಕಿನಷ್ಟೇ ಗಾತ್ರದ ನಾಯಿ ಚೀಲದಿಂದ ಜಿಗಿದು, ರೂಢಿಯಿದ್ದ ಮೂಲೆಗೆ ಹೋಗಿ, ಹಿಂಗಾಲೆತ್ತಿತು. ಒಂಬತ್ತರಿಂದ ಆರನೇ ಮಹಡಿಯವರೆಗೂ ಎತ್ತಿಯೇ ಇತ್ತು.

ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡಳು. "ಈ ಕಟ್ಟಡದಲ್ಲಿ ನಾಯಿ ಸಾಕೋ ಹಾಗಿಲ್ಲ. ಏಳನೇ ನಿಯಮ. ನಾನೇ ಬರೆದಿದ್ದು."

"ಹಾಗಾದರೆ ಇದು..."

"ಯಾವುದು? ನಂಗೇನೂ ಕಾಣ್ತಿಲ್ಲ. ನೀವು ಬರೆದುಕೊಟ್ಟ ಕಾಗದ ಮಾತ್ರ ಕಾಣ್ತಿದೆ. ನಿಮ್ಮತ್ತೆ ನಾಲ್ಕು ಮನೆ ಮುಂದೆ ಕೂತು ಮಾಡಿ ತೋರಿಸಿದಾರಂತಲ್ಲ. ಜನಕ್ಕೆ ಅವರ ಮೇಲೆ ಕರುಣೆ ಇದೆ, ನನ್ನ ಮೇಲೆ ಇರಲ್ಲ." ಕಿಸೆಯಿಂದ ಕರಾರಿನ ಹಾಳೆ ತೆಗೆದು, ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು, ಪೆನ್ನಿನ ಮುಚ್ಚಳ ಬಿಚ್ಚಿದಳು. "ಇನ್ನೆರಡು ವರ್ಷಕ್ಕೆ ಸಹಿ ಹಾಕ್ಲಾ, ಬೇಡ್ವಾ?"

ಅಳಿಯ ಹೆಂಡತಿಯ ಕೆಲಸ ನೆನೆದ, ಕೂಸನ್ನು ನೆನೆದ, ಈ ಊರಲ್ಲಿ ಮನೆ ಹುಡುಕಿ ಅಲೆದ ಚಪ್ಪಲಿಗಳನ್ನು ನೆನೆದ. "ಹಾಕಿ" ಎಂದ.

"ಒಂದೇ ಷರತ್ತು. ಜನ ಸುಮ್ಮನಿರ್ಬೇಕಲ್ಲ? ದಿನಾ ಬೆಳಿಗ್ಗೆ ಲಿಫ್ಟು ತೊಳೆಯೋದು ನಿಮ್ಮನೆ ಜವಾಬ್ದಾರಿ."

ಮರುದಿನ ಬೆಳಿಗ್ಗೆ ಐದೂಕಾಲಿಗೆ ಹನ್ನೊಂದನೇ ಮಹಡಿಯಿಂದ ಒಗ್ಗರಣೆಯ ಘಮ ನಿರಾತಂಕವಾಗಿ ಇಳಿದು ಬರುತ್ತಿತ್ತು. ಹಿಂದಿನ ಲಿಫ್ಟಿನಲ್ಲಿ ಅಳಿಯ ಪ್ಯಾಂಟು ಮಡಚಿ, ಬಕೆಟ್ಟು ಪಕ್ಕಕ್ಕಿಟ್ಟುಕೊಂಡು ನೆಲ ಒರೆಸುತ್ತಿದ್ದ. ವಾಯುವಿಹಾರಕ್ಕೆ ಹೊರಟ ಮೇಷ್ಟ್ರು ಲಿಫ್ಟಿನ ಬಾಗಿಲಲ್ಲಿ ನಿಂತು ಅವನನ್ನು ಬಹಳ ಹೊತ್ತು ನೋಡಿದರು.

"ಮಗನಾದವನೂ ಇಷ್ಟು ಮಾಡಲ್ಲ" ಎಂದು ಮನಸಾರೆ ಹೇಳಿದರು. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಇವತ್ತಿನದು ಯಾರದು? ಅತ್ತೇದೋ, ನಿಮ್ಮದೋ?"