ಬಾಣಂತಿಯಿದ್ದ ಮನೆಯನ್ನು ಖಾಲಿ ಎಂದು ತೋರಿಸಿದ ಬಗ್ಗೆ

ಇಂದ:
ಓಂಕಾರಪ್ಪ ಬೆಟಗೇರಿ, ಕಚೇರಿ ಅಧೀಕ್ಷಕ,
ರೈಲ್ವೆ ಕ್ವಾರ್ಟರ್ಸ್, ಗಾರ್ಡನ್ ರೀಚ್, ಕೋಲ್ಕತ್ತ. (ಸದ್ಯ ಒಬ್ಬನೇ)

ಗೆ:
ಶ್ರೀ ಚಂದ್ರಶೇಖರ ಅವರು,
ಆದಾಯ ತೆರಿಗೆ ಅಧಿಕಾರಿಗಳು, ಕೋಲ್ಕತ್ತ.

ವಿಷಯ: ಸಾಲ್ಟ್ ಲೇಕಿನ ಫ್ಲ್ಯಾಟಿನ ಲೆಕ್ಕದಿಂದ ‘ಖಾಲಿ’ ಎಂಬುದನ್ನು ಹೊಡೆದುಹಾಕಿ ಹೆಚ್ಚಿನ ತೆರಿಗೆ ವಿಧಿಸುವ ಕುರಿತು.

ಉಲ್ಲೇಖ: 1) 29-7-2005ರಂದು ಸಲ್ಲಿಸಿದ ರಿಟರ್ನ್.
2) ಅದರ ಬಗ್ಗೆ ಹೆಂಡತಿ ಆಡಿದ ಮಾತು (ಮೌಖಿಕ).

ಮಾನ್ಯರೇ,

ಇಲ್ಲಿಯ ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ತಾವು ಅರ್ಜಿದಾರನ ಪಕ್ಕ ಕುಳಿತು, “ಏನರ ಇದ್ರ ಬರದ ಕೊಡ್ರಿ, ಕನ್ನಡದಾಗ ಕೊಟ್ರೂ ನಡೀತದ” ಎಂದು ಹೇಳಿದ್ದರ ಬಲದ ಮೇಲೆ ಈ ಕೆಳಗಿನಂತೆ ಬಿನ್ನವಿಸಲಾಗಿದೆ.

1. ಸದರಿ ಫ್ಲ್ಯಾಟನ್ನು ಅರ್ಜಿದಾರನು ಬ್ಯಾಂಕಿನ ಸಾಲದಲ್ಲಿ ಕೊಂಡು, ಸೆಕ್ಟರ್ ಫೈವಿನ ಕಂಪನಿಗಳಲ್ಲಿ ಕೆಲಸ ಮಾಡುವ ನಿತಿನ್ ಮತ್ತು ಮೇಧಾ ಎಂಬ ಬೆಂಗಳೂರಿನ ದಂಪತಿಗೆ ಬಾಡಿಗೆಗೆ ಕೊಟ್ಟಿರುತ್ತಾನೆ. ಬಂದ ಬಾಡಿಗೆಯಲ್ಲಿ ಪುರಸಭೆಯ ಕಂದಾಯ ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತನ್ನು ರಿಪೇರಿ ಮುಂತಾದ್ದಕ್ಕೆಂದು ಬಿಟ್ಟು, ಸಾಲದ ಬಡ್ಡಿಯನ್ನೂ ಕಳೆದರೆ ಮಿಕ್ಕಿದ್ದಕ್ಕೆ ತೆರಿಗೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ.

2. ಕಳೆದ ನವೆಂಬರಿನಲ್ಲಿ ಮೇಧಾಳಿಗೆ ಹೆರಿಗೆಯಾಯಿತು. ಆಕೆಯ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿದ್ದ ಕಾರಣ ಬರಲಾಗಲಿಲ್ಲ. ಆದ್ದರಿಂದ ಅರ್ಜಿದಾರನ ಹೆಂಡತಿ ಚನ್ನಮ್ಮ, ಯಾರೂ ಕೇಳದೆ, ಎರಡು ಬಸ್ಸು ಬದಲಿಸಿ ದಿನಾ ಹೋಗಿ ಬಾಣಂತನಕ್ಕೆ ನಿಂತಳು. ಅರ್ಜಿದಾರನಿಗೆ ಮಕ್ಕಳಿಲ್ಲ. ಇದನ್ನು ತೆರಿಗೆಯ ನಮೂನೆ ಕೇಳುವುದಿಲ್ಲವಾದರೂ ನಮೂದಿಸಿದೆ.

3. ಆ ತಿಂಗಳ ಚೆಕ್ಕನ್ನು ನಿತಿನ್ ತಂದುಕೊಟ್ಟಾಗ ಅರ್ಜಿದಾರನು ಅಲ್ಲೇ ಇದ್ದು, ಕೈ ಚಾಚಿಯೂ ಇದ್ದನು.

“ಇಟಗೋ ಅದನ್ನ,” ಎಂದಳು ಚನ್ನಮ್ಮ. “ತವರಮನ್ಯಾಗ ಬಾಣಂತನಕ್ಕ ಇದ್ದಾಕಿ ಬಾಡಗಿ ಕೊಡ್ತಾಳೇನು?”

“ಆಂಟಿ, ಇದು ನಾವು ಬಾಡಿಗೆಗಿರೋ ಮನೆ ಅಲ್ವಾ?”

“ಮನಿ ಯಾರದು?”

“ನಿಮ್ದು.”

“ಬಾಣಂತನ ಯಾರ ಮಾಡಾಕತ್ತಾರ?”

“ನೀವೇ.”

“ಮತ್ತ ಇದು ತವರಲ್ಲದ ಇನ್ನೇನು?”

ಒಳಕೋಣೆಯಿಂದ ಮೇಧಾ, “ಒಪ್ಕೊಂಡ್ಬಿಡೋ, ಅಮ್ಮನ ಹತ್ರ ಯಾರಾದ್ರೂ ವಾದ ಮಾಡ್ತಾರಾ” ಎಂದಳು. ಅಲ್ಲಿಯವರೆಗೆ ಆಂಟಿಯಾಗಿದ್ದವಳು ಅಮ್ಮ ಆದದ್ದು ಅದೇ ದಿನ. ಅರ್ಜಿದಾರನು ಕೈ ಹಿಂದಕ್ಕೆ ತೆಗೆದುಕೊಂಡನು. ಆದಕಾರಣ ಮಾರ್ಚ್ ಮುಗಿಯುವವರೆಗೆ ಐದು ತಿಂಗಳು ಬಾಡಿಗೆ ಬರಲಿಲ್ಲ. ಏಪ್ರಿಲಿನಿಂದ ಮತ್ತೆ ಬರುತ್ತಿದೆ. ಅಷ್ಟಕ್ಕೇ ತವರು ಮುಗಿಯಿತೇ ಎಂದು ಹೆಂಡತಿಯನ್ನು ಕೇಳುವ ಧೈರ್ಯ ಅರ್ಜಿದಾರನಿಗೆ ಆಗಿಲ್ಲ.

4. ಜುಲೈನಲ್ಲಿ ಲೆಕ್ಕ ಬರೆಯಿಸಲು ಅಲಿಪುರದ ತೆರಿಗೆ ಸಲಹೆಗಾರ ಬದರಿನಾಥರ ಬಳಿ ಹೋಗಲಾಯಿತು. ಅವರು ಮೈಸೂರಿನ ಕಡೆಯವರು, ನಿಧಾನಸ್ಥರು. “ಕೊಡೋಕೆ ಬಂದ ಬಾಡಿಗೇನ ನೀವೇ ಬೇಡ ಅಂದ್ರೆ ಇಲಾಖೆ ಬಿಡತ್ತಾ ಸ್ವಾಮಿ? ಬಂತು ಅಂತಾನೇ ಹಿಡಿಯತ್ತೆ. ಐದು ತಿಂಗಳು ಮನೆ ಖಾಲಿ ಇತ್ತು ಅಂತ ಬರೆದ್ಬಿಡಿ, ಅಷ್ಟು ಕಡಿಮೆಯಾಗತ್ತೆ. ಯಾರು ಬಂದು ಇಣುಕಿ ನೋಡ್ತಾರೆ,” ಎಂದರು. ಅರ್ಜಿದಾರನು ಸಹಿ ಮಾಡಿದನು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಮಾಡಿದ ಮೊದಲ ಸುಳ್ಳು ಸಹಿ ಎಂದು ಬರೆದರೆ ಎರಡನೆಯದಾಗುತ್ತದೆ, ಆದ್ದರಿಂದ ಬರೆದಿಲ್ಲ.

5. ತನ್ನ ರಿಟರ್ನಿಗೆ ಮಾದರಿ ಬೇಕೆಂದು ನಿತಿನ್ ಆ ಲೆಕ್ಕದ ಪ್ರತಿಯನ್ನು ಒಯ್ದನು. ಚನ್ನಮ್ಮ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮೇಧಾ ಅದನ್ನು ಕನ್ನಡ ಮಾಡಿ ಓದಿ ಹೇಳಿದಳು. ಅದೇ ಸಂಜೆ ಚನ್ನಮ್ಮ ಕ್ವಾರ್ಟರ್ಸಿಗೆ ಬಂದು ಸೀರೆಗಳನ್ನು ಗಂಟು ಕಟ್ಟತೊಡಗಿದಳು.

“ಕೂಸು ಅಳೂ ಮನೀನ ಖಾಲಿ ಅಂತ ಬರದೀರಿ?”

“ಅದು ಬರೇ ಸರ್ಕಾರದ ಲೆಕ್ಕಕ್ಕ.”

“ಸರ್ಕಾರಕ್ಕ ಹೇಳಿದ್ದು ಅಂದ್ರ ಊರಿಗೇ ಹೇಳಿಧಾಂಗ. ತೊಟ್ಲಾ ಕಟ್ಟಿದ್ದೆ ನಾ ಅಲ್ಲಿ.”

“ಎಲ್ಲಿಗೆ ಹೊಂಟಿ ಈಗ?”

“ನಿಮ್ಮ ಖಾಲಿ ಮನಿಗೆ. ಅದು ತುಂಬೇತಿ ಅಂತ ಬರಸಿಕೊಂಡು ಬರ್ರಿ, ಆಮ್ಯಾಲ ನೋಡೂಣು.”

ಇದಾಗಿ ಇಂದಿಗೆ ಹತ್ತೊಂಬತ್ತು ದಿನ. ಅರ್ಜಿದಾರನು ಎರಡು ಸಲ ಅಲ್ಲಿಗೆ ಹೋಗಿದ್ದು, ಎರಡೂ ಸಲ ಬಾಗಿಲು ತೆರೆದವಳು ಚನ್ನಮ್ಮನೇ. “ಬರಸಿದ್ರೇನು?” ಎಂದು ಕೇಳಿ, ಚಹಾ ಕೊಟ್ಟು ಕಳುಹಿಸಿದಳು.

ಆದ್ದರಿಂದ ತಾವು ದಯಮಾಡಿ ಸದರಿ ಐದು ತಿಂಗಳೂ ಮನೆಯಲ್ಲಿ ಜನರಿದ್ದರೆಂದು ದಾಖಲಿಸಿ, ಬಾರದ ಬಾಡಿಗೆಯನ್ನು ಬಂದದ್ದೆಂದೇ ಹಿಡಿದು, ತೆರಿಗೆಯನ್ನೂ ದಂಡವನ್ನೂ ಹಾಕಬೇಕಾಗಿ ವಿನಂತಿ. ಸಾಲದ ಬಡ್ಡಿಯನ್ನು ಮಾತ್ರ ಎಂದಿನಂತೆ ಕಳೆಯಲು ಬಿಡಬೇಕು. ಅದು ತವರೆಂದು ಬ್ಯಾಂಕಿನವರು ಒಂದು ತಿಂಗಳ ಬಡ್ಡಿಯನ್ನೂ ಬಿಟ್ಟಿರುವುದಿಲ್ಲ. ತಿದ್ದಿದ ಆದೇಶದ ಪ್ರತಿಯನ್ನು ದುಂಡು ಸೀಲು ಹಾಕಿ, ಶ್ರೀಮತಿ ಚನ್ನಮ್ಮ ಇವರ ಹೆಸರಿಗೆ ಫ್ಲ್ಯಾಟಿನ ವಿಳಾಸಕ್ಕೆ ನೇರವಾಗಿ ಕಳುಹಿಸಬೇಕು. ಅರ್ಜಿದಾರನು ಕೈಯಲ್ಲಿ ಒಯ್ದದ್ದನ್ನು ನಂಬುವ ಸ್ಥಿತಿಯಲ್ಲಿ ಅವರಿಲ್ಲ.

ತಮ್ಮ ವಿಶ್ವಾಸಿ,
(ಈ ಸಲ ಓದಿಯೇ ಸಹಿ ಮಾಡಿದ)
ಓಂಕಾರಪ್ಪ ಬೆಟಗೇರಿ
19-9-2005

ಲಗತ್ತುಗಳು:
1) ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ.
2) ಬಾಣಂತಿಗೆ ಹಾಕಿದ ಸಾಂಬ್ರಾಣಿ ಹೊಗೆಯನ್ನು ಬೆಂಕಿಯೆಂದು ತಿಳಿದು ಫ್ಲ್ಯಾಟಿನ ಸಮಿತಿಯವರು ಜನವರಿಯಲ್ಲಿ ಕೊಟ್ಟ ನೋಟಿಸು. ಮನೆ ಖಾಲಿ ಇರಲಿಲ್ಲವೆಂಬುದಕ್ಕೆ ಇರುವ ಏಕೈಕ ಸರಿಯಾದ ದಾಖಲೆ.
3) ಈ ಅರ್ಜಿಯ ಇಂಗ್ಲಿಷ್ ಪ್ರತಿ. ‘ತವರು’ ಬಂದಲ್ಲೆಲ್ಲ ಜಾಗ ಬಿಟ್ಟಿದೆ, ತಾವೇ ತುಂಬಿಕೊಳ್ಳುವುದು.

ವಿ.ಸೂ.: ಆದೇಶ ಅಂಚೆಗೆ ಬೀಳುವ ದಿನವನ್ನು ಮುಂಚೆ ತಿಳಿಸಿದರೆ ಉಪಕಾರವಾಗುತ್ತದೆ. ಇಲ್ಲಿಯ ಅನ್ನದ ಹೋಟೆಲಿನಲ್ಲಿ ಮೀನು ಬೇಡ ಎಂದಾಗಲೆಲ್ಲ “ಶೊರೀರ್ ಖಾರಾಪ್, ದಾದಾ?” ಎಂದು ಮೈ ಹುಷಾರಿಲ್ಲವೇ ಎಂಬಂತೆ ವಿಚಾರಿಸುತ್ತಾರೆ. ಅಲ್ಲಿ ಮುಂದಿನ ತಿಂಗಳಿನ ಊಟಕ್ಕೆ ಹೆಸರು ಬರೆಸಬೇಕೋ ಬೇಡವೋ ಎಂಬುದನ್ನು ಇದೇ ಮೂವತ್ತರೊಳಗೆ ಹೇಳಬೇಕಾಗಿದೆ.