ಕುಸುಮಳ ಪೃಷ್ಠ ಪ್ರತಿಷ್ಠೆ

ಬಸುರಿ ನಾದಿನಿ ಸುಂದರಾಳ ಸೀಮಂತದ ಕುಬಸಕ್ಕೆ ಆಕೆಯ ಗಂಡನ ಊರಾದ ಜುಗೂಳಿಗೆ ಹೋಗುವಷ್ಟರಲ್ಲಿ ತನ್ನ ಪೃಷ್ಠವನ್ನು ನೋಡಿದವರು ಬಾಯಿ ಮುಚ್ಚಿಕೊಳ್ಳುವಷ್ಟು ಬೆಳೆಸಿಯೇ ತೀರುತ್ತೇನೆಂದು ಕುಸುಮ ಪಣ ತೊಟ್ಟಳು. ತವರೂರು ಧಾರವಾಡದಲ್ಲಿ ಬಿ.ಎ. ಮುಗಿಸಿದವಳು. ಓದಿದವರಿಗೆ ಸಾಧ್ಯವಾಗದ್ದು ಭೂಮಿಯ ಮೇಲೆ ಏನೂ ಇಲ್ಲವೆಂಬ ಭ್ರಮೆ ಇನ್ನೂ ಪೂರಾ ಇಳಿದಿರಲಿಲ್ಲ.

ಈ ಭೀಷ್ಮ ಪ್ರತಿಜ್ಞೆಗೆ ಕಾರಣ ಗಂಡನ ಸೋದರತ್ತೆ ಸಕ್ಕುಬಾಯಿ. ತವರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಕರೋಶಿಯ ಗಂಡನ ಮನೆಗೆ ಬಂದ ದಿನವೇ ಆಕೆ ಕುಸುಮಳನ್ನು ಬಾಗಿಲಲ್ಲಿ ನಿಲ್ಲಿಸಿ, ಒಂದು ಸುತ್ತು ತಿರುಗಿಸಿ ನೋಡಿದ್ದಳು.

"ಏನ ಬೇ ಇದು, ಗ್ವಾಡಿಗೆ ಸೀರಿ ಉಡಿಸಿದಂಗ ಐತಿ. ನಿಮ್ಮವ್ವ ಬಾಣಂತನ ಮಾಡ್ಯಾಳೋ, ವನವಾಸಕ್ಕ ಕಳಿಸಿದ್ಳೋ?"

ಆ ಸೀಮೆಯಲ್ಲಿ ತವರಿನವರು ಬಾಣಂತಿಗೆ ಎಷ್ಟು ತುಪ್ಪ ಹಾಕಿದರೆಂಬುದನ್ನು ಮಗಳು ತಿರುಗಿ ನಡೆದಾಗ ಹಿಂದಿನಿಂದ ಅಳೆಯುತ್ತಾರೆ. ಪಾಪ, ಕುಸುಮಳ ಅವ್ವ ಅಂಟಿನುಂಡಿ ಕಟ್ಟಿ ಕಟ್ಟಿ ಅಂಗೈ ಸವೆಸಿದ್ದಳು. ಆದರೆ ತಿಂದದ್ದೆಲ್ಲ ಹಾಲಾಗಿ ಕೂಸಿನ ಗಲ್ಲಕ್ಕೆ ಹೋಗಿಬಿಟ್ಟಿತ್ತು. ಕೂಸು ಬೆಲ್ಲದ ಪೆಂಟೆ, ತಾಯಿ ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ. ತನಗೆ ಅಂದಿದ್ದರೆ ಕುಸುಮ ನುಂಗಿಕೊಳ್ಳುತ್ತಿದ್ದಳು. ಮಾತು ಅವ್ವನಿಗೆ ಮುಟ್ಟಿತ್ತು. ಕುಬಸದಲ್ಲಿ ಬೀಗರ ಬಳಗವೆಲ್ಲ ಕೂತಿರುವಾಗ ಸಕ್ಕುಬಾಯಿ ಅದನ್ನೇ ಮತ್ತೆ ಆಡಿದರೆ?

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಮುಂಬೈಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವಳಿಗೆ ಬೆಳಕು ಕಂಡಿತು. ದ್ರಾಕ್ಷಿಗೆ ಔಷಧ ಹೊಡೆದು ಬಂದು ಕೈ ತೊಳೆಯುತ್ತಿದ್ದ ಗಂಡ ರಾವಸಾಹೇಬನ ಮುಂದೆ ಅದನ್ನು ಬಿಚ್ಚಿಟ್ಟಳು.

"ಎರಡ ದಾರಿ ಅದಾವಂತ ರೀ. ಒಂದು ಆಪರೇಶನ್. ಹೊಟ್ಟ್ಯಾಗಿನ ಕೊಬ್ಬು ತಗದು ಹಿಂದ ತುಂಬತಾರ."

"ನಿನ್ನ ಹೊಟ್ಟ್ಯಾಗ ಕೊಬ್ಬು ಎಲ್ಲೈತಿ?"

"ನಿಮ್ಮದೈತಲ್ಲ. ಆದ್ರ ಒಬ್ಬರದು ಇನ್ನೊಬ್ಬರಿಗೆ ಒಗ್ಗೂದಿಲ್ಲಂತ."

"ದೇವರು ದೊಡ್ಡಂವ," ಎಂದು ರಾವಸಾಹೇಬ ಹೊಟ್ಟೆ ಸವರಿಕೊಂಡ. "ಎರಡನೇದು?"

"ಆಪರೇಶನ್ ಇಲ್ಲದ್ದು. ವ್ಯಾಯಾಮ."

"ಅದನ್ನ ಮಾಡು. ಆಪರೇಶನ್ ಮಾಡಿಸ್ಕೊಂಡು ಬಂದ್ರ ಊರಾಗ ಏನಂತ ಹೇಳ್ಲಿ? ಅಪೆಂಡಿಕ್ಸ್ ಹಿಂದ ಇರತೈತಿ ಅಂತ ಹೇಳಾಕ ಬರೂದಿಲ್ಲ."

ಆಪರೇಶನ್ನಿನ ಆಸೆಯನ್ನು ಕುಸುಮ ತಾನೇ ಕೈಬಿಟ್ಟಿದ್ದಳು. ಬೋರಲು ಮಲಗಿರಬೇಕಂತೆ, ಹಾಗಾದರೆ ಕೂಸಿಗೆ ಹಾಲು ಕುಡಿಸುವುದು ಹೇಗೆ? ಚಿಕ್ಕೋಡಿ ರಸ್ತೆಯ ಬಸ್ಸಿನಲ್ಲಿ ಕುಲುಕಾಡಿ, ತುಂಬಿಸಿದ್ದು ಒಂದು ಅಥಣಿಯ ಕಡೆಗೂ ಇನ್ನೊಂದು ರಾಯಬಾಗದ ಕಡೆಗೂ ಸರಿದುಬಿಟ್ಟರೆ?

ಹೀಗಾಗಿ ಕೋಣೆಯ ಬಾಗಿಲು ಹಾಕಿಕೊಂಡು ಬಸ್ಕಿ ಹೊಡೆಯಲು ಶುರುಮಾಡಿದಳು. ಮೂರನೆಯ ದಿನ ಅತ್ತೆ ಕಸ್ತೂರೆವ್ವ ಕಿಟಕಿಯಿಂದ ಇಣುಕಿದಳು. ಸೊಸೆ ತುಟಿ ಕಚ್ಚಿಕೊಂಡು ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಕೂರುತ್ತಾಳೆ.

"ಯವ್ವಾ, ಹೊಟ್ಟಿ ಕೆಟ್ಟೈತೇನ? ಮೊದಲ ಹೇಳಬಾರದ?"

ಅಜವಾನದ ಕಷಾಯ ಬಂತು. ಎಣ್ಣೆ, ತುಪ್ಪ ಬಂದ್ ಆದವು. ವಾರವಿಡೀ ಅಕ್ಕಿಗಂಜಿ. ವ್ಯಾಯಾಮದಿಂದ ಬೆಳೆಯಬೇಕಾದದ್ದು ಪಥ್ಯದಿಂದ ಇನ್ನಷ್ಟು ಕರಗಿತು.

ಕುಬಸ ಹತ್ತಿರ ಬಂದಾಗ ಕುಸುಮ ಪತ್ರಿಕೆಯವರಿಗೂ ಹೊಳೆಯದ ಮೂರನೆಯ ದಾರಿ ಹಿಡಿದಳು. ಕೂಸಿನ ಹಳೆಯ ಕೌದಿ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಎರಡು ದುಂಡನೆಯ ಮೆತ್ತೆ ಹೊಲಿದು, ಲಾಡಿ ಹಚ್ಚಿ ಲಂಗದೊಳಗೆ ಕಟ್ಟಿಕೊಂಡಳು. ಕನ್ನಡಿಯಲ್ಲಿ ಹೊರಳಿ ನೋಡಿದಾಗ ಅವ್ವನ ಅಂಟಿನುಂಡಿಗೆ ಕೊನೆಗೂ ನ್ಯಾಯ ಸಿಕ್ಕಂತಾಯಿತು.

ನ್ಯಾಯ ಟ್ರ್ಯಾಕ್ಸ್ ಗಾಡಿಯ ಕುಲುಕಾಟಕ್ಕೆ ಸಡಿಲಾಯಿತು. ಜುಗೂಳಿನಲ್ಲಿ ಇಳಿದ ಕುಸುಮ, ಮೆತ್ತೆ ಜಾರಬಾರದೆಂದು ಸೊಂಟದ ಮೇಲೆ ಕೈಯಿಟ್ಟು, ತುಸು ಹಿಂದಕ್ಕೆ ಬಾಗಿ, ಒಂದೊಂದೇ ಹೆಜ್ಜೆ ಹಾಕುತ್ತ ಬಂದಳು. ಕೂರಲು ಇಬ್ಬರ ಆಸರೆ ಬೇಕಾಯಿತು. ಲಾಡಿ ಬಿಗಿದು ಹೊಟ್ಟೆ ತೊಳೆಸಿ, ಹೋಳಿಗೆ ಕಂಡರೆ ಮುಖ ತಿರುಗಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಕ್ಕುಬಾಯಿ ಅಲ್ಲೇ ಇದ್ದಳು. ಒಂಬತ್ತು ಗಜದ ಇಳಕಲ್ ಸೀರೆಯ ಕಚ್ಚೆ ಹಾಕಿ ಆಕೆ ಬಾಗಿಲು ದಾಟುವಾಗ ಉಳಿದವರು ಬದಿಗೆ ಸರಿದು ನಿಲ್ಲುವುದು ವಾಡಿಕೆ.

"ಕಸ್ತೂರಿ, ನಿನ್ನ ಸೊಸಿ ಮತ್ತ ಬಸರದಾಳಲ್ಲ."

"ಕೂಸಿಗೆ ಇನ್ನೂ ಹಲ್ಲ ಬಂದಿಲ್ಲ, ಏನ ಮಾತಾಡ್ತಿ?"

"ಹಲ್ಲಿಗೂ ಅದಕ್ಕೂ ಏನ ಸಂಬಂಧ? ಆ ನಡಗಿ ನೋಡು. ಸೊಂಟ ನೋಡು. ಹೋಳಗಿ ಒಲ್ಲೆ ಅನ್ನಾಕತ್ತಾಳ."

ಕುಸುಮ ಬಾಯಿ ತೆರೆಯುವಷ್ಟರಲ್ಲಿ ಅವಳನ್ನು ಸುಂದರಾಳ ಪಕ್ಕದ ಮಣೆಗೆ ಎಳೆದು ಕೂರಿಸಿ, ಕುಂಕುಮ ಹಚ್ಚಿ, ಉಡಿಗೆ ಅಕ್ಕಿ, ಕೊಬ್ಬರಿ ಸುರಿದಾಗಿತ್ತು. "ಒಂದ ಹಂದರದಾಗ ಎರಡ ಕುಬಸ ಆದೂವು ನೋಡ್ರಿ," ಎಂದು ಯಾರೋ ನಕ್ಕರು. ಸುದ್ದಿ ಗಂಡಸರ ಪಂಕ್ತಿಗೆ ಹಾರಿತು. ಸ್ವಲ್ಪ ಹೊತ್ತಿಗೆ ರಾವಸಾಹೇಬ ಕಿಟಕಿಯ ಸರಳಿಗೆ ಮುಖ ಹಚ್ಚಿದ.

"ಏ, ಹೌದನ? ಎಲ್ಲಾರೂ ನನ್ನ ಬೆನ್ನ ಬಡಿಯಾಕತ್ತಾರ. ನನಗೊಂದ ಮಾತ ಹೇಳಬಾರದ?"

"ಅಲ್ರೀ, ಅದು ಕೌದಿ."

"ಯಾರು?"

"ಕೂಸಿನ ಕೌದಿ. ಹಿಂದ ಕಟ್ಕೊಂಡೀನಿ."

ರಾವಸಾಹೇಬ ಸರಳು ಹಿಡಿದುಕೊಂಡು ನಿಂತ. "ನಾ ಅವರಿಗೆ ಹೌದು ಅಂತ ಹೇಳಿಬಿಟ್ಟೀನಲ್ಲ."

ಹೌದೆಂದರೆ ಇನ್ನೊಂದು ಕೂಸನ್ನು ಎಲ್ಲಿಂದ ತರುವುದು? ಅಲ್ಲವೆಂದರೆ ಕೌದಿ ಹೊರಬಂದು, ಬೀಗರ ನಡುವೆ ಅವ್ವನ ಮಾನ ಹರಾಜು. ಕುಸುಮ ಮಣೆಯ ಮೇಲೇ ಅಳತೊಡಗಿದಳು.

"ಬಸರಿ ಅಳಬಾರದು," ಎಂದು ಸಕ್ಕುಬಾಯಿ ಅವಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಅವಳು ಸಲೀಸಾಗಿ ಉಸಿರಾಡಲೆಂದು ನೆರಿಗೆ ಸಡಿಲಿಸಲು ಹೋದ ಸಕ್ಕುಬಾಯಿಯ ಕೈಗೆ ಒಂದು ಮೆತ್ತೆ ಬಂತು. ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿದಳು.

"ಬಸರು ಹೊಟ್ಟ್ಯಾಗ ಇರತೈತಿ ಅಂತ ಕೇಳಿದ್ದೆ. ನಿನಗ ಹಿಂದ ಅವಳಿ ಅದಾವಲ್ಲ ಬೇ."

"ನಮ್ಮವ್ವ ಬಾಣಂತನ ಛಲೋ ಮಾಡ್ಯಾಳ್ರಿ ಅತ್ತಿ," ಎಂದು ಕುಸುಮ ಬಿಕ್ಕಿದಳು. "ನನ್ನ ಮೈಗೇ ಹತ್ತಲಿಲ್ಲ. ನನಗ ಏನರ ಅನ್ರಿ, ಆಕಿಗೆ ಮಾತ್ರ ಅನಬ್ಯಾಡ್ರಿ."

ಸಕ್ಕುಬಾಯಿ ಮೆತ್ತೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ಕುಸುಮಳ ಕೈಹಿಡಿದು ತನ್ನ ಭವ್ಯ ಹಿಂಭಾಗದ ಮೇಲೆ ಇಟ್ಟುಕೊಂಡಳು. ಕೈ ಬಟ್ಟೆಯಲ್ಲಿ ಇಳಿಯಿತು, ಇಳಿಯಿತು, ಕೊನೆಗೆ ಎಲುಬಿಗೆ ತಾಗಿತು.

"ಒಂಬತ್ತ ಗಜ ಐತಿ ಇದು. ಅರ್ಧ ಹಿಂದ ಸಿಗಿಸಿದ್ರ ಬಿದರಿನ ಗಳಾನೂ ಮೈಕೈ ತುಂಬಿಕೊಂಡು ಕಾಣತೈತಿ. ನಾ ಜಳಕಕ್ಕ ಕುಂತರ ಮಣಿಗೆ ಎಲುಬು ಬಡದು ಸಪ್ಪಳ ಬರತೈತಿ. ಯಾರಿಗೂ ಹೇಳಬ್ಯಾಡ."

ಕುಸುಮಳಿಗೆ ಅಳುವಿನ ನಡುವೆಯೇ ನಗು ಬಂತು. ಸಕ್ಕುಬಾಯಿ ಮೆತ್ತೆಯನ್ನು ಸ್ವಸ್ಥಾನಕ್ಕೆ ಸೇರಿಸಿ, ಲಾಡಿಗೆ ಗಟ್ಟಿ ಗಂಟು ಹಾಕಿ, ಹಂದರದ ನಡುವೆ ನಿಂತು ಘೋಷಿಸಿದಳು.

"ಬಸರೂ ಇಲ್ಲ, ಏನೂ ಇಲ್ಲ. ಬಾಣಂತನದ ಮೈ ಅದು. ಧಾರವಾಡದ ಬೀಗತಿ ಮಗಳನ್ನ ತುಪ್ಪದಾಗ ಅದ್ದಿ ತಗದಾಳ. ನಾ ಮುಟ್ಟಿ ನೋಡೀನಿ."

ಸಕ್ಕುಬಾಯಿ ಮುಟ್ಟಿ ನೋಡಿದ ಮೇಲೆ ಅಪೀಲಿಲ್ಲ. ಕುಸುಮ ಗೆದ್ದ ರಾಣಿಯ ಹಾಗೆ ಟ್ರ್ಯಾಕ್ಸ್ ಹತ್ತಿದಳು. ಅತ್ತೆ ಕಸ್ತೂರೆವ್ವ ಮಾತ್ರ ದಾರಿಯುದ್ದಕ್ಕೂ ಸೊಸೆಯ ಸೊಂಟದ ಮೇಲೇ ಕಣ್ಣಿಟ್ಟಿದ್ದಳು. ಮನೆಗೆ ಬಂದು ಕುಸುಮ ಮೆತ್ತೆಗಳನ್ನು ಬಿಚ್ಚಿ ಮಂಚದ ಮೇಲೆ ಇಡುವುದಕ್ಕೂ ಅತ್ತೆ ಒಳಗೆ ಬರುವುದಕ್ಕೂ ಸರಿಹೋಯಿತು.

"ಮುಚ್ಚಿಡಬ್ಯಾಡ. ಸಕ್ಕು ಎಲ್ಲಾ ಹೇಳ್ಯಾಳ," ಎಂದು ಕಸ್ತೂರೆವ್ವ ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ತವರಾಗ ತಿಂದು ಬಂದ ಮೈ ಅಂತ ಇಡೀ ಬಳಗಕ್ಕ ಗೊತ್ತಾತು. ಇನ್ನ ನೀ ಇಲ್ಲಿ ಸೊರಗಿದಂಗ ಕಂಡ್ರ ನಾವು ಕೂಳ ಹಾಕೂದಿಲ್ಲ ಅಂತಾರ. ನಾಳಿಂದ ಹೊಸ್ತಲಾ ದಾಟಬೇಕಾದ್ರ ಇವನ್ನ ಕಟ್ಕೊಂಡ ದಾಟು."

ಕುಸುಮ ತಲೆಯಾಡಿಸಿದಳು. ಹೊರಗೆ ಹೋದ ಕಸ್ತೂರೆವ್ವ ಸೆರಗಿನಲ್ಲಿ ಒಂದು ಹಿಡಿ ಹತ್ತಿ ತುಂಬಿಕೊಂಡು ಮರಳಿ ಬಂದಳು.

"ಹಬ್ಬಕ್ಕೊಮ್ಮಿ ಒಂದೀಟ ಹೆಚ್ಚಿಗಿ ತುಂಬಕೋತ ಹೋಗು. ನಮ್ಮ ಮನಿ ಊಟ ನಿಮ್ಮವ್ವನ ಊಟಕ್ಕಿಂತ ಕಮ್ಮಿ ಅಂತ ಯಾರೂ ಅನಬಾರದು."