ಹಾಲೋ, ಆಳೋ?

ಇಷ್ಟು ರಾದ್ಧಾಂತಕ್ಕೆ ಕಾರಣ ಒಂದು ಹಕಾರ. ಮಾರಿಕುಪ್ಪಂ ಪಕ್ಕದ ಹಳ್ಳಿಯ ಚಲಪತಿಯ ಬಾಯಲ್ಲಿ ಅದು ಯಾವತ್ತೂ ನಿಂತದ್ದಿಲ್ಲ. ಹೋಗು ಓಗಾಗಿತ್ತು, ಹಾಲು ಆಲಾಗಿತ್ತು. ಬಂಗಾರಪೇಟೆಯ ಪುಟ್ಟ ಆಫೀಸಿನಲ್ಲಿ ಡೇರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಅವನು, ತಪ್ಪಾಗಿ ದಾಖಲಾದ ಹಾಲಿನ ಲೆಕ್ಕವನ್ನು ಅಳಿಸುವ ಕೋಡಿನ ತುಣುಕಿಗೆ, ಅಂದರೆ ಫಂಕ್ಷನ್ನಿಗೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಆಲುತೆಗಿ’ ಎಂದು ನಾಮಕರಣ ಮಾಡಿಬಿಟ್ಟಿದ್ದ. ಅಂದು ಸಂಜೆ ಅವನ ಕೆಲಸ ಕಾಯಂ ಆಗುವುದಿತ್ತು. ಅದಕ್ಕೆ ಮೊದಲು ಅವನ ಕೋಡನ್ನು ಜೊತೆಯವರು ಓದಿ ಒಪ್ಪಬೇಕಿತ್ತು.

ಮೊದಲು ಓದಿದವಳು ಲಿಖಿತ. “ಅಣ್ಣಾ, ಇದು ಹಾಲೋ, ಆಳೋ? ಇಂಗ್ಲಿಷಲ್ಲಿ ಲ, ಳ ಎರಡೂ ಒಂದೇ. ಹೆಸರು ಬದಲಾಯ್ಸಿ.”

“ನಮ್ಮೂರಲ್ಲಿ ಎಮ್ಮೆಗೂ ಅರ್ಥ ಆಗ್ತದೆ ಕಣಮ್ಮಾ!”

ಪಕ್ಕದ ಮೇಜಿನ ಪೆರುಮಾಳ್ ಕತ್ತು ತೂರಿಸಿದ. “ಹಾಲ್ಗೆ ಪಾಲು ಅಂತ ಇಡ್ಲಾ. ತಮಿಳ್ಗೂ ಆಯ್ತು, ತೆಲುಗ್ಗೂ ಆಯ್ತು.”

“ಪಾಲು ತೆಗಿ ಅಂದ್ರೆ ಅಣ್ತಮ್ಮಂದ್ರು ಒಲಕ್ಕೆ ಕಿತ್ತಾಡ್ದಂಗಿರ್ತದೆ,” ಎಂದ ಅವನಾಚೆ ಕೂತಿದ್ದ ಗಿರಿ.

ಕೂಸು ತನ್ನದು, ಹೆಸರಿಡಲು ಊರಿನ ಅತ್ತೆಯರೆಲ್ಲ ಬಂದರಲ್ಲ ಎಂದು ಚಲಪತಿ ರೇಗಿದ. ಲಿಖಿತ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು.

ಮಧ್ಯಾಹ್ನ ಯಜಮಾನ ಶ್ರೀಧರ್, ಒಂದು ಡೇರಿಯಲ್ಲಿ ಕೆಲಸ ಬಿಟ್ಟವರ ಹೆಸರು ತೆಗೆಯಲು ಗಿರಿಗೆ ಹೇಳಿದರು. ಬೆಳಗಿನ ಮಾತು ಮರೆತೇಬಿಟ್ಟಿದ್ದ ಗಿರಿ ಹುಡುಕಿದ. ‘ಆಳು ತೆಗಿ’ ತಯಾರಾಗಿಯೇ ಇತ್ತು! ಒತ್ತಿದ. ಹಿಂದೆಯೇ ಡೇರಿಯ ಗಂಗರತ್ನಮ್ಮನ ಫೋನು.

“ಬೆಳಿಗ್ಗೆ ಆಕಿದ್ ಆಲೆಲ್ಲ ಎಲ್ಲಿಗ್ ಓಯ್ತಪ್ಪಾ? ಬೆಕ್ಕೇನಾದ್ರೂ ಕುಡೀತಾ?”

ಚಲಪತಿ ಓಡಿಬಂದು ಗಿರಿಯ ಪರದೆ ನೋಡಿದ. ಲಿಖಿತಳ ಮಾತು ಬೆಳಿಗ್ಗೆಯೇ ಕೇಳಿದ್ದರೆ ಆಗುತ್ತಿರಲಿಲ್ಲವೇ? ಹಾಳು ಹಟ! ಮಾಡಿದ್ದುಣ್ಣೋ ಮಹರಾಯ ಎಂದು ತನ್ನನ್ನೇ ಬೈದುಕೊಳ್ಳುತ್ತ ಹಾಲನ್ನೆಲ್ಲ ವಾಪಸು ತಂದ. ಅಷ್ಟಕ್ಕೇ ಬಿಡದೆ, ತಾನು ಇದುವರೆಗೆ ಬರೆದ ಫಂಕ್ಷನ್ನುಗಳಿಗೆಲ್ಲ ಸ್ಪಷ್ಟವಾದ ಹೆಸರಿಟ್ಟು, ಪಕ್ಕದಲ್ಲಿ ವಿವರಣೆಯನ್ನೂ ಬರೆದ.

ಸಂಜೆ ಶ್ರೀಧರ್ ಎಲ್ಲವನ್ನೂ ಓದಿ ಬೆನ್ನು ತಟ್ಟಿದರು. “ಭೇಷ್ ಚಲಪತಿ! ಈಗ ಯಾರು ನೋಡಿದ್ರೂ ತಿಳಿಯುತ್ತೆ.”

“ಹಂಗಾದ್ರೆ ಸಾರ್, ನನ್ ಕಾಯಂ...” ಹೆದರಿಕೆಗೆ ಹಕಾರವೂ ಸರಿಯಾಗಿ ಬಂತು.

“ಅದೇ ನೋಡು. ನಿನ್ನ ಬರಹ ನಿನಗೊಬ್ಬನಿಗೇ ತಿಳಿಯುತ್ತೆ, ನಿನ್ನ ಬಿಟ್ಟರೆ ಗತಿಯಿಲ್ಲ ಅಂತ ಕಾಯಂ ಮಾಡೋಣ ಅಂದ್ಕೊಂಡಿದ್ದೆ. ಇನ್ಮೇಲೆ ಲಿಖಿತಾನೇ ನೋಡ್ಕೋತಾಳೆ. ನೀನು ಬೇರೆ ಕಡೆ ನೋಡ್ಕೊಳ್ಳಪ್ಪ.”

ಮಾರಿಕುಪ್ಪಂ ರೈಲಿಗೆ ಹತ್ತಿಸಲು ಗಿರಿ ಬಂದ. ಪಾಪ, ಅವನಿಗೂ ಬೇಜಾರಾಗಿತ್ತು. ರೈಲು ಅಲುಗುತ್ತಿದ್ದಂತೆ ಕಿಟಕಿಗೆ ಬಾಯಿಟ್ಟು ಹೇಳಿದ:

“ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ನಾನ್ ಓದಿದ್ದೇ ಸರಿ ಇತ್ತು. ಅದು ಆಳು ತೆಗೀನೇ.”